ಮಗಳನ್ನು ಮೊದಲು ಸೊಂಟಕ್ಕೇರಿಸಿದ ದಿನ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದಿನಚರಿ ಬರೆಯುವ ಅಭ್ಯಾಸ ನನಗಿದೆ, ಆದರೆ ಮಗು ಹುಟ್ಟಿದ ವರ್ಷ ಪೆನ್ನು ಮುಟ್ಟಿದ್ದು ಕಡಿಮೆ. ಆ ಕೊಕ್ಕೆಗಳ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಮೆಕ್ಸಿಕೋ ದೇಶದ ಯುಕಾತಾನ್ ಸೀಮೆಯಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಬಾಗಿಲು ತೆರೆದಾಗ ಒಳಗೆ ಮಂಚವಿರಲಿಲ್ಲ, ಕುರ್ಚಿಯಿರಲಿಲ್ಲ. ಪ್ರತಿ ಕೋಣೆಯ ಎದುರುಬದುರು ಗೋಡೆಗಳಲ್ಲಿ ಆಳೆತ್ತರಕ್ಕೆ ದಪ್ಪ ಕಬ್ಬಿಣದ ಕೊಕ್ಕೆಗಳು, ಅಷ್ಟೇ. ನಾನು ತುಂಬು ಬಸುರಿ. ಇದೇನು ಕಸಾಯಿಖಾನೆಯೇ ಎಂದು ಹೆದರಿ ಗಂಡನ ತೋಳು ಹಿಡಿದೆ. ಮನೆಯೊಡತಿ ನಕ್ಕಳು. ಹೆಗಲ ಮೇಲಿದ್ದ ಬಲೆಯ ಗಂಟನ್ನು ಬಿಚ್ಚಿ, ಎರಡು ಕೊಕ್ಕೆಗಳ ನಡುವೆ ಕಟ್ಟಿ, ಅದರಲ್ಲಿ ತಾನೇ ಮಲಗಿ ತೂಗಿಕೊಂಡು ತೋರಿಸಿದಳು.

ನಮ್ಮ ಲೊಕ್ಕನಹಳ್ಳಿಯಲ್ಲಿ ಜೋಲಿ ಕೂಸುಗಳಿಗೆ ಮಾತ್ರ. ನಡೆಯಲು ಕಲಿತವರು ಅದರಿಂದ ಇಳಿದರೆ ಮತ್ತೆ ಹತ್ತುವುದಿಲ್ಲ. ಇಲ್ಲಿ ಮೀಸೆ ನರೆತ ಗಂಡಸರೂ ಜೋಲಿಯಲ್ಲೇ ಮಲಗುತ್ತಾರೆ, ಅಲ್ಲೇ ಹುಟ್ಟುತ್ತಾರೆ, ಅಲ್ಲೇ ಸಾಯುತ್ತಾರೆ. ಮೊದಲ ವಾರ ಬೆನ್ನು ನೋವಿಗೆ ಅತ್ತೆ. ಆಮೇಲೆ ಅಡ್ಡಡ್ಡವಾಗಿ ಮಲಗುವುದನ್ನು ಕಲಿತೆ. ನಾನು ಇಲ್ಲಿ ಗೆದ್ದ ಮೊದಲ ಗೆಲುವು ಅದು.

ಅದು ತೊಂಬತ್ತರ ದಶಕದ ನಡುವಿನ ಮಾತು. ನಾನು ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿದವಳು. ನಮ್ಮ ಕಡೆ ಹೊಲದ ಬೇಲಿಗೆ ನೆಡುವ ಕತ್ತಾಳೆಯ ಸೋದರಸಂಬಂಧಿಯೊಂದು ಇಲ್ಲಿ ಹಗ್ಗ ಹೊಸೆಯುವ ನಾರಿನ ಬೆಳೆ. ಅದರ ಅಧ್ಯಯನಕ್ಕೆಂದು ಕೆಲಸ ಸಿಕ್ಕಿತ್ತು. ಗಂಡ ತಮ್ಮ ಮೇಷ್ಟ್ರ ಕೆಲಸಕ್ಕೆ ದೀರ್ಘ ರಜೆ ಹಾಕಿ ಜೊತೆಗೆ ಬಂದಿದ್ದರು. ಸ್ಪ್ಯಾನಿಷ್ ಅಲ್ಪಸ್ವಲ್ಪ ಕಲಿತು ಬಂದಿದ್ದೆ. ಅದು ಅಂಗಡಿಗೆ, ಕಚೇರಿಗೆ ಸಾಕಾಯಿತು. ಅಡುಗೆಮನೆಗಳಲ್ಲಿ ಹೆಂಗಸರು ಆಡುತ್ತಿದ್ದುದು ಮಾಯಾ ಭಾಷೆ. ಗಂಡ ಹೊರಗೆ ಹೋದಾಗ ಕನ್ನಡ ಕೇಳಿಸಿಕೊಳ್ಳಲು ಹೊಟ್ಟೆಯೊಳಗಿನ ಮಗು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಮನೆಯೊಡತಿ ಫಿಲಾ ಪಕ್ಕದಲ್ಲೇ ಇದ್ದಳು. ಊರವರು ಅವಳನ್ನು ದೋನ್ಯಾ ಫಿಲಾ ಎನ್ನುತ್ತಿದ್ದರು. ದೋನ್ಯಾ ಅಂದರೆ ನಮ್ಮ ಅಮ್ಮಾವ್ರು. ಅವಳ ಒಲೆ ಮೂರು ಕಲ್ಲಿನದು, ನಮ್ಮ ಮನೆಯ ಮೂರು ಗುಂಡಿನ ಒಲೆಯೇ ಸಮುದ್ರ ದಾಟಿ ಬಂದು ಕೂತಂತೆ. ಅದರ ಮೇಲೆ ಮುಸುಕಿನ ಜೋಳ ಸುಣ್ಣದ ನೀರಿನಲ್ಲಿ ಬೇಯುತ್ತಿತ್ತು. ಎಲೆಯಡಿಕೆಯ ಸುಣ್ಣ ಅನ್ನದ ಪಾತ್ರೆಗೆ ಬಿದ್ದದ್ದನ್ನು ನೋಡಿ ನನಗೆ ಗಾಬರಿ. ಸುಣ್ಣವಿಲ್ಲದೆ ಬೇಯಿಸುವುದು ದೇವರಿಗೆ ಮಾತ್ರವಂತೆ. ಫಿಲಾಳ ಗಂಡ ಬೆತೋ ಜೋಳದ ಹೊಲಕ್ಕೆ ಕಾಡು ಕಡಿಯುವ ಮುನ್ನ, ಕೋಲುಗಳ ಪೀಠ ಕಟ್ಟಿ, ಸೋರೆಬುರುಡೆಯ ಬಟ್ಟಲುಗಳಲ್ಲಿ ಸಕಾಬ್ ಇಡುತ್ತಿದ್ದ. ಸಕಾಬ್ ಅಂದರೆ ಜೇನು ಬೆರೆಸಿದ ಜೋಳದ ಅಂಬಲಿ. ಕಾಡಿನ ಒಡೆಯರಿಗೆ ಅದನ್ನು ಕೊಟ್ಟು, 'ನನಗೆ ಬೇಕಾದಷ್ಟೇ ಕಡಿಯುತ್ತೇನೆ' ಎಂದು ಒಪ್ಪಿಗೆ ಕೇಳುತ್ತಿದ್ದ. ಅವನು ಟೋಪಿ ತೆಗೆದು ಮರಗಳ ಮುಂದೆ ನಿಂತದ್ದನ್ನು ನೋಡಿದ ದಿನ ನನಗೆ ಅಪ್ಪ ನೆನಪಾದರು. ಅಪ್ಪನೂ ಬಿತ್ತುವ ಮುಂಚೆ ಹೊಲದ ಪಕ್ಕದ ಕಾಡಿನ ಅಂಚಿಗೆ ಹೋಗಿ ಹಿಡಿ ರಾಗಿ ಚೆಲ್ಲಿ ಕೈಮುಗಿಯುತ್ತಿದ್ದರು. ಮುಗಿಯುತ್ತಿದ್ದರೇ? ಆನೆ, ಹಂದಿ ಕಾಯಲು ಅಟ್ಟಣೆಯ ಮೇಲೆ ಕೂರುತ್ತಿದ್ದುದು ಖಂಡಿತ. ಕೈಮುಗಿದದ್ದು ಬೆತೋನಿಂದ ಕಡ ತಂದು ನಾನು ಅಪ್ಪನಿಗೆ ತೊಡಿಸಿದ್ದೋ ಏನೋ.

ಚಾಕ್ ಅವರ ಮಳೆದೇವರು. ನಾಲ್ಕು ದಿಕ್ಕಿಗೆ ನಾಲ್ವರು ಚಾಕರು, ಕಲ್ಲಿನ ಕೊಡಲಿ ಬೀಸಿ ಗುಡುಗು ಎಬ್ಬಿಸುವವರು. ಮಳೆಗಾಗಿ ಅವರನ್ನು ಕರೆಯುವ ಪೂಜೆಗೆ ಹೆಂಗಸರು ಹೋಗುವಂತಿಲ್ಲ. ಪೀಠದಡಿ ಕೂತ ಮಕ್ಕಳು ಕಪ್ಪೆಗಳಂತೆ ವಟಗುಟ್ಟುತ್ತಾರೆ. ನಮ್ಮಲ್ಲಿ ಮಣ್ಣಿನ ಮಳೆರಾಯನನ್ನು ಹೊತ್ತು ಮನೆಮನೆಗೆ ಬರುತ್ತಾರೆ, ಹೆಂಗಸರು ಅವನ ತಲೆಯ ಮೇಲೆ ನೀರು ಹುಯ್ಯುತ್ತಾರೆ ಎಂದೆ. ಫಿಲಾ ಹಿಟ್ಟಿನ ಕೈಯಲ್ಲೇ ನಕ್ಕಳು: "ನಿಮ್ಮ ದೇವರಿಗೆ ಹೆಂಗಸರ ಕೈಯಲ್ಲಿ ಸ್ನಾನವಾ? ನಮ್ಮವನಿಗೆ ಗೊತ್ತಾದರೆ ನಿಮ್ಮೂರಿಗೇ ಹೊರಟುಬಿಡ್ತಾನೆ!"

ಮಗಳು ಹುಟ್ಟಿದಳು. ಒಂದು ಸಂಜೆ ಫಿಲಾ ಅವಳ ಕಾಲುಗಳನ್ನು ಹಿಡಿದು ನೋಡಿ, "ಇನ್ನೇನು ಮೂರನೇ ತಿಂಗಳು ತುಂಬುತ್ತೆ. ಇವಳಿಗೆ ಹೆಟ್ಸ್‌ಮೆಕ್ ಮಾಡಬೇಕಲ್ಲ?" ಎಂದಳು. ಮಗುವನ್ನು ಮೊಟ್ಟಮೊದಲು ಸೊಂಟದ ಮೇಲೆ ಕಾಲಗಲಿಸಿ ಕೂರಿಸುವ ಶಾಸ್ತ್ರವದು. ಒಲೆಗೆ ಮೂರು ಕಲ್ಲು, ಆದ್ದರಿಂದ ಹೆಣ್ಣಿಗೆ ಮೂರನೇ ತಿಂಗಳು. ಹೊಲಕ್ಕೆ ನಾಲ್ಕು ಮೂಲೆ, ಆದ್ದರಿಂದ ಗಂಡಿಗೆ ನಾಲ್ಕನೆಯದು. ಹೆತ್ತವಳು ಮೊದಲು ಕೂರಿಸುವಂತಿಲ್ಲ, ಇನ್ನೊಬ್ಬಳು ಕೂರಿಸಬೇಕು. ಆಮೇಲೆ ಅವಳು ಮಗುವಿಗೆ ಎರಡನೇ ತಾಯಿ, ನನಗೆ ಕೊಮಾದ್ರೆ. ಕೊಮಾದ್ರೆ ಅಂದರೆ ಮಗುವಿನ ಮೂಲಕ ಅಕ್ಕನಾದವಳು. ಆ ಅಕ್ಕ ತಾನಾಗಬೇಕೆಂದು ಅವಳು ಕೇಳುತ್ತಿದ್ದಳು.

ನನಗೆ ಆಸೆಯಾಯಿತು. ಆದರೆ ಅವ್ವ ಮಗುವಿನ ಮುಡಿಯನ್ನು ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತಿದ್ದಳು. ಅಲ್ಲಿಗೆ ಹೋಗುವ ತನಕ ಬೇರೆ ದೇವರ ಮುಂದೆ ಮಗುವನ್ನು ನಿಲ್ಲಿಸಬಾರದು ಎಂದಿದ್ದಳು. ಕೇಳದೆ ಮಾಡಲು ಮನಸ್ಸಾಗಲಿಲ್ಲ. ಲೊಕ್ಕನಹಳ್ಳಿಯ ಎಸ್‌ಟಿಡಿ ಅಂಗಡಿಗೆ ಅವಳನ್ನು ಕರೆಸಿ ಫೋನು ಮಾಡಿದೆ.

"ಯಾವ್ ದೇವ್ರವ್ವ ಅದು?" ಎಂದಳು.

"ಪಟ, ಗುಡಿ ಏನೂ ಇಲ್ಲ ಕಣವ್ವ. ಒಲೆ. ಮೂರು ಗುಂಡಿನ ಒಲೆ."

"ಒಲೆಗುಂಡಾ? ನಮ್ಮಂಗೇಯಾ?" ಅವ್ವ ಜೋರಾಗಿ ನಕ್ಕಳು. "ಅಂಗಾದ್ರ ಮಾಡುಸ್ಕ. ಮಾದಪ್ಪಂಗ ನಾ ಯೋಳ್ಕತೀನಿ. ಒಲೆ ಮುಂದ ಮಡಗುದ್ರ ಅವನೇನ್ ಮುನುಸ್ಕತಾನಾ?"

"ಪಕ್ಕದ ಮನೆಯವಳು ಮಗೀನ ಸೊಂಟಕ್ಕೆ ಹಾಕ್ಕೋತಾಳೆ. ಅವಳೇ ಮೊದಲು."

ಅವ್ವನ ನಗು ನಿಂತಿತು. "ಅದ್ ಬ್ಯಾಡ ಕಣವ್ವ. ಮೊದ್ಲು ಬ್ಯಾರೇಳ ಸೊಂಟುಕ್ಕ ಕೊಟ್ರ, ಮಗ ಅವಳ ಕಡೀಕೇ ತಿರುಕತದ. ನಾ ಕಂಡಿವ್ನಿ."

"ಎಲ್ಲಿ ಕಂಡೆ?"

"ಇಲ್ಲಿ ಜನ ನಿಂತವ್ರ, ಮಡಗ್ತೀನಿ," ಎಂದು ಅವ್ವ ಫೋನಿಟ್ಟಳು.

ಆ ರಾತ್ರಿಯೆಲ್ಲ ಅವಳ ಮಾತನ್ನು ತಿರುಗಿಸಿ ನೋಡಿದೆ. ನಾನು ಚಿಕ್ಕವಳಿದ್ದಾಗ ಸೋದರತ್ತೆ ಒಬ್ಬಳು ಅಣಕಿಸುತ್ತಿದ್ದಳು: "ಗೋಪಿನಾಥದವಳ ಸೊಂಟುದ್ ಮ್ಯಾಲ ಬೆಳುದೋಳ್ ಕಣಮ್ಮಿ ನೀನು!" ನಾನು ಹುಟ್ಟಿದ ಮೇಲೆ ಅವ್ವ ಕಾಯಿಲೆ ಬಿದ್ದಿದ್ದಳಂತೆ, ಕಾವೇರಿ ದಂಡೆಯ ಗೋಪಿನಾಥಂ ಕಡೆಯ, ಮೀನು ತಿನ್ನುವ ಮನೆಯ ತಮಿಳು ಹೆಂಗಸೊಬ್ಬಳು ಕೂಲಿಗೆ ಬಂದವಳು ನನ್ನನ್ನು ಎತ್ತಿ ಆಡಿಸಿದ್ದಳಂತೆ. ಅವ್ವ ಈ ಬಗ್ಗೆ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ. ನಮ್ಮದು ಮೀನು ಒಳಗೆ ಬಾರದ ಮನೆ. ಆದರೂ ಯುಕಾತಾನಿನ ಸಂತೆಯಲ್ಲಿ ಒಣಮೀನಿನ ಬುಟ್ಟಿಗಳ ನಡುವೆ ನಿಂತರೆ, ಯಾರೋ ನನ್ನನ್ನು ಎತ್ತಿಕೊಂಡಂತೆ ಸಮಾಧಾನವಾಗುತ್ತಿತ್ತು. ಅಷ್ಟು ಎಳೆಯ ಕೂಸಿಗೆ ನೆನಪು ಇರಲು ಸಾಧ್ಯವೇ? ಇಲ್ಲವೆಂದೇ ನಾನು ಓದಿದ್ದು ಹೇಳುತ್ತದೆ. ಆದರೆ ಒಬ್ಬಳ ಸೊಂಟ ನನ್ನನ್ನು ಉಳಿಸಿದ್ದರೆ, ನನ್ನ ಮಗಳಿಗೆ ಇನ್ನೊಬ್ಬಳ ಸೊಂಟವನ್ನು ತಪ್ಪಿಸಲು ನಾನು ಯಾರು? ಬೆಳಿಗ್ಗೆ ಫಿಲಾಳಿಗೆ ಹೂಂ ಅಂದೆ.

ಶಾಸ್ತ್ರದ ದಿನ ಫಿಲಾಳ ಒಲೆಯ ಮುಂದಿನ ಮೇಜಿನ ಮೇಲೆ ಸೂಜಿ, ದಾರ, ಬಾಚಣಿಗೆ, ಕತ್ತರಿ, ಪೆನ್ಸಿಲು, ಹೀಗೆ ಏನೇನೋ ಇದ್ದವು. ಫಿಲಾ ಮಗಳನ್ನು ಎಡಸೊಂಟಕ್ಕೆ ಏರಿಸಿ ಮೇಜನ್ನು ಸುತ್ತತೊಡಗಿದಳು. ಪ್ರತಿ ಸುತ್ತಿಗೂ ಒಂದೊಂದು ವಸ್ತುವನ್ನು ಆ ಪುಟ್ಟ ಮುಷ್ಟಿಯೊಳಗೆ ತುರುಕಿ, ಇದರಿಂದ ಹೊಲಿಯುತ್ತೀಯ, ಇದರಿಂದ ಬರೆಯುತ್ತೀಯ ಎಂದು ಕಿವಿಯಲ್ಲಿ ಹೇಳಿದಳು. ಒಂಬತ್ತು ಸುತ್ತು ಎಂದು ನೆನಪು. ಲೆಕ್ಕ ತಪ್ಪದಿರಲು ಬೆತೋ ಕುಂಬಳದ ಬೀಜಗಳನ್ನು ಸಾಲಾಗಿಟ್ಟುಕೊಂಡು ಸುತ್ತಿಗೊಂದರಂತೆ ತಿನ್ನುತ್ತಿದ್ದ. "ನಿನಗೆ ಹಸಿವು ಅಂತ ನನ್ನನ್ನು ಓಡಿಸ್ತಿದ್ದೀಯ!" ಎಂದು ಫಿಲಾ ಅವನನ್ನು ಗದರಿದಳು. ಆಮೇಲೆ ಅವನೂ ಮಗುವನ್ನೆತ್ತಿಕೊಂಡು ಎದುರು ದಿಕ್ಕಿನಲ್ಲಿ ಸುತ್ತಿದ. ಕೊನೆಗೆ ಹುರಿದ ಜೋಳದ ಹಿಟ್ಟಿಗೆ ಜೇನು ಕಲಸಿ ಮಗಳ ತುಟಿಗೆ ಸವರಿದರು. ಅದು ನೆನಪಿನ ಶಕ್ತಿಗಂತೆ. ಚೂರು ನನಗೂ ಕೊಡು ಎಂದೆ. ಪುರೋಹಿತರಿಲ್ಲದೆ, ಒಂದು ಮಗುವಿನ ಬದುಕನ್ನೆಲ್ಲ ಮನೆಬಳಕೆಯ ಸಾಮಾನುಗಳಲ್ಲೇ ಹೇಳಿಬಿಡುವ ಇಂಥ ಶಾಸ್ತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರುವರ್ಷ ಊರಿಗೆ ಹೋಗಿ ಬೆಟ್ಟದಲ್ಲಿ ಮುಡಿ ಕೊಟ್ಟೆವು. ಅವ್ವ ಮೂರು ಕಲ್ಲು ಹೂಡಿ ಅಡುಗೆಗೆ ಕೂತಳು. ಬೋಳುತಲೆಯ ಮಗಳು ಪಕ್ಕದ ಒಲೆಯ ಗುರುತೇ ಇಲ್ಲದ ಹೆಂಗಸಿನತ್ತ ಕೈಚಾಚಿ, ಅವಳ ಸೊಂಟವೇರಿ, ಅಲ್ಲಿಂದ ನಮ್ಮನ್ನು ನೋಡಿ ನಕ್ಕಳು.

"ನೋಡು, ಯಾರ್ ಸೊಂಟ ಆದ್ರೂ ಸೈ," ಎಂದಳು ಅವ್ವ. "ನಿನ್ನಂಗೇಯಾ."

ನಾನು ಕೇಳಿಯೇಬಿಟ್ಟೆ. ಅವ್ವ ಬಗ್ಗಿ ಒಲೆ ಊದಿದಳು. ಹೊಗೆಗೋ ಏನೋ ಸೆರಗಿನಿಂದ ಕಣ್ಣೊರಸಿಕೊಂಡು, ಹಿಟ್ಟು ತಿರುವಲು ಕೋಲು ಕೊಡು ಎಂದಳು.

ಮುಡಿ ಕೊಟ್ಟು ಮರಳಿದವಳು ಈಗಲೂ ಯುಕಾತಾನಿನಲ್ಲೇ ಇದ್ದೇನೆ. ಊರಿನಲ್ಲಿ ಮಂಚದ ಮೇಲೆ ನಿದ್ದೆ ಬರುವುದಿಲ್ಲ, ಇಲ್ಲಿ ಜೋಲಿಯಲ್ಲಿ ಬೀಳುವುದು ಲೊಕ್ಕನಹಳ್ಳಿಯ ಕನಸು. ನನ್ನನ್ನು ಅಮ್ಮಾ ಎಂದು ಕರೆದಷ್ಟೇ ಸಲೀಸಾಗಿ ಮಗಳು ಫಿಲಾಳ ಹೆಸರನ್ನು ಕೂಗುತ್ತಾಳೆ. ಅದನ್ನು ಕೇಳಿದಾಗಲೆಲ್ಲ ಬೆಟ್ಟದಲ್ಲಿ ಕೇಳಿದ್ದನ್ನೇ ಫೋನಿನಲ್ಲಿ ಮತ್ತೆ ಕೇಳುತ್ತೇನೆ, ಅವ್ವ ಮಳೆಯ ಮಾತು ತೆಗೆಯುತ್ತಾಳೆ.

ಅವ್ವಾ, ನನ್ನನ್ನು ಮೊದಲು ಸೊಂಟಕ್ಕೇರಿಸಿಕೊಂಡವಳ ಹೆಸರೇನು?