ಚಿಲಕಕ್ಕೆಂದು ಮಾಡಿದ ಸಹಿ

ಪುಟ್ಟೀ, ಚಿನ್ನೂ,

ಹೋದ ಸಲ ರಜೆಗೆ ಬಂದಾಗ ನನ್ನನ್ನು ಪಿಂಚಣಿ ಅರ್ಜಿಗೆ ಸಹಿ ಮಾಡಿಸಲು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದಿರಿ. ಅರ್ಜಿಯಲ್ಲಿ ಖಾಲಿ ಬಿಟ್ಟಿದ್ದ ಜಾಗಕ್ಕೆಲ್ಲ ನಾನು ಅಡ್ಡ ಗೀಟು ಎಳೆಯುತ್ತ ಕೂತೆ. ಹಿಂದೆ ನಿಂತವರು ಗೊಣಗಿದರು. ನೀವಿಬ್ಬರೂ ಹೊರಗೆ ಬಂದ ಮೇಲೆ ನಕ್ಕಿರಿ. "ಅಜ್ಜಿ, ಯಾಕ ಹಂಗ ಮಾಡ್ತಿ?" ಎಂದು ಪುಟ್ಟಿ ಕೇಳಿದಳು. ಬಾಯಿಂದ ಹೇಳುವುದು ನನಗೆ ಎಂದೂ ಬಂದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸೂಪಾದಲ್ಲಿ ಅಣೆಕಟ್ಟು ಕಟ್ಟುತ್ತಿದ್ದ ವರ್ಷಗಳು ಅವು. ನಾವು ಹಳಿಯಾಳದಲ್ಲಿದ್ದೆವು. ನಿಮ್ಮ ಅಜ್ಜ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದರು. ಊರಲ್ಲಿ ಆಗಷ್ಟೇ ಒಂದು ಕಾಲೇಜು ಬಂದಿತ್ತು. ಹಳೆಯ ನಾಟಾ ಗೋದಾಮಿನಲ್ಲೇ ಪಾಠ ನಡೆಯುತ್ತಿತ್ತು. ಮಳೆಗಾಲದಲ್ಲಿ ಇಡೀ ಕಾಲೇಜು ಸಾಗವಾನಿಯ ವಾಸನೆ ಹೊಡೆಯುತ್ತಿತ್ತು.

ಒಂದು ಭಾನುವಾರ ಮಾಸ್ತರು ನಮ್ಮ ಮನೆಗೆ ಬಂದರು. ಮುಂಡಗೋಡ ಕಡೆಯ ನನ್ನ ತವರಿನ ಶಾಲೆಯಲ್ಲಿ ನನಗೆ ಏಳನೆಯ ಇಯತ್ತೆಯವರೆಗೆ ಕಲಿಸಿದವರು ಅವರೇ. ನಿವೃತ್ತಿಯಾಗಿ ಹಳಿಯಾಳಕ್ಕೆ ಬಂದು, ಕಾಲೇಜಿನ ಆಡಳಿತ ಸಮಿತಿಯ ಕಾರ್ಯದರ್ಶಿ ಆಗಿದ್ದರು. ಅವರನ್ನು ಕಂಡರೆ ಆಗಲೂ ನನ್ನ ಕೈ ತಾನಾಗಿ ಸೆರಗಿಗೆ ಹೋಗುತ್ತಿತ್ತು.

"ಮಗಳ, ಕಾಲೇಜಿನ ಕಮಿಟಿಗೆ ನಿನ್ನ ತೊಗೊಳ್ಳಾಕ ಬಂದೇನಿ" ಎಂದರು.

ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತೆ. ನಿಮ್ಮ ಅಜ್ಜ ನಕ್ಕುಬಿಟ್ಟರು. "ಮಾಸ್ತರ, ಅಕಿ ನನ್ನ ಕೂಡನ ದಿನಕ್ಕ ನಾಕ ಮಾತಾಡ್ತಾಳ. ಅಷ್ಟ ಮಂದಿ ಗಂಡಸರ ಮುಂದ ಏನ ಮಾತಾಡ್ತಾಳ್ರಿ?"

"ಮಾತಾಡಾಕ ನಾವು ಅದೇವಿ. ವಿಶ್ವವಿದ್ಯಾಲಯದವ್ರು ಕಾಯ್ದೆ ಮಾಡ್ಯಾರ, ಕಮಿಟಿಯೊಳಗ ಊರಿನ ಒಬ್ಬಾಕಿ ಹೆಣ್ಣಮಗಳು ಇರಾಕ ಬೇಕಂತ. ಇಲ್ಲಾಂದ್ರ ಕಾಲೇಜಿಗೆ ಮಾನ್ಯತಾ ಇಲ್ಲ. ಊರಾಗ ಓದು ಬರಹ ಬಲ್ಲ ಹೆಣ್ಣಮಕ್ಕಳು ಎಷ್ಟ ಮಂದಿ ಅದಾರ ಹೇಳು? ಇಕಿ ಅಕ್ಷರ ನೋಡೀಯೇನು, ಮುತ್ತು ಪೋಣಿಸಿದಂಗ!"

ಆ ಮಾತು ಕೇಳಿ ನಾನು ಉಬ್ಬಿಹೋದೆ. ಅದನ್ನು ಮುಚ್ಚಿಡುವುದಿಲ್ಲ. ಅಂದು ಮಾಸ್ತರಿಗೆ ಕೊಟ್ಟ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದ್ದೆ.

ಸಭೆ ಪ್ರಾಚಾರ್ಯರ ಕೋಣೆಯಲ್ಲಿ ಸೇರುತ್ತಿತ್ತು. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ, ತುದಿಗೆ ಕೂರುತ್ತಿದ್ದೆ. ಚಹಾ ಬಂದರೆ ಗಂಡಸರ ಮುಂದೆ ಕುಡಿಯಲಾಗದೆ ಕಪ್ಪನ್ನು ಕಿಟಕಿಯ ಮೇಲಿಡುತ್ತಿದ್ದೆ. ಮಾತೆಲ್ಲ ಮುಗಿದ ಮೇಲೆ ಮಾಸ್ತರು ಸಭೆಯ ನಿರ್ಣಯ ಬರೆಯುವ ಠರಾವು ಪುಸ್ತಕ ತೆರೆದು ಎಲ್ಲರ ಸಹಿ ಪಡೆಯುತ್ತಿದ್ದರು. ಹಾಳೆ ಆಗ ಖಾಲಿ. ನಡೆದದ್ದನ್ನು ಅವರು ಆಮೇಲೆ ಮನೆಯಲ್ಲಿ ಕೂತು ದುಂಡಗೆ ಬರೆಯುತ್ತಿದ್ದರು. ಮುಂದಿನ ಸಭೆಯಲ್ಲಿ "ಹಿಂದಿನ ಠರಾವು ಓದಿದ್ದಾತು ಅಂತ ತಿಳಕೊಳ್ಳೂಣಲ್ಲ?" ಎನ್ನುತ್ತಿದ್ದರು. ಎಲ್ಲರೂ "ಹ್ಞೂಂ" ಎನ್ನುತ್ತಿದ್ದರು. ಅದಕ್ಕೂ ಒಂದು ಸಹಿ. ಇದರಲ್ಲಿ ಯಾರಿಗೂ ತಪ್ಪು ಕಾಣುತ್ತಿರಲಿಲ್ಲ, ನನಗೂ ಕಾಣಲಿಲ್ಲ.

ಗಂಡಸರು ಹಾಳೆಯ ಎಡಕ್ಕೆ, ಅಂಚಿನಲ್ಲಿ ಒಬ್ಬರ ಕೆಳಗೊಬ್ಬರು ಸಹಿ ಮಾಡುತ್ತಿದ್ದರು. ನಾನು ಹಾಳೆಯ ತೀರ ಕೆಳಗೆ, ಮೂಲೆಯಲ್ಲಿ ಮಾಡುತ್ತಿದ್ದೆ. ನಮ್ಮ ಶಾಲೆಯಲ್ಲಿ ಹಾಗೆಯೇ ರೂಢಿ. ಇನ್ಸ್‌ಪೆಕ್ಟರರಿಗೆ ಕೊಡುವ ಪತ್ರದಲ್ಲಿ ಮೇಲೆ ಹಿರಿಯರು, ನಡುವೆ ಹುಡುಗರು, ತಳದಲ್ಲಿ ಹುಡುಗಿಯರು. ಹಿರಿಯರಿಗೆ ಜಾಗ ಬಿಟ್ಟು ಬರೆಯಬೇಕು ಎಂದು ನನ್ನ ಕೈ ಹಿಡಿದು ಹೇಳಿಕೊಟ್ಟವರು ಮಾಸ್ತರೇ.

ಕಾಲೇಜಿನ ಹಿಂದೆ ಒಂದು ಹೆಂಚಿನ ಮನೆಯಿತ್ತು. ಅದು ಹುಡುಗಿಯರ ವಸತಿಗೃಹ. ಆರು ಹುಡುಗಿಯರಿದ್ದರು, ಹೆಚ್ಚಿನವರು ಜೋಯಿಡಾ ಕಡೆಯ ಕಾಡೊಳಗಿನ ಊರುಗಳವರು. ಅವರಲ್ಲಿ ಒಬ್ಬಳು ಸಿದ್ದಿಯರ ಹುಡುಗಿ, ಬಿ.ಎ. ಎರಡನೆಯ ವರ್ಷ. ಅವಳ ಊರಿಗೆ ಬಸ್ಸಿರಲಿಲ್ಲ. ಬಸ್ಸು ನಿಲ್ಲುವ ಕಡೆ ಇಳಿದ ಮೇಲೆ ಎರಡು ತಾಸು ಕಾಡಿನಲ್ಲಿ ನಡೆಯಬೇಕಿತ್ತು. ಅವಳ ಊರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಅವಳಿಗಿಂತ ಮೊದಲು ಯಾರೂ ಇಲ್ಲ. ಡಿಗ್ರಿ ಮುಗಿಸಿ ಶಾಲೆಯಲ್ಲಿ ಕಲಿಸುವವಳಾಗಬೇಕು ಎಂಬುದೊಂದೇ ಅವಳ ಆಸೆ.

ಒಮ್ಮೆ ಮಾಸ್ತರು ನನಗೆ, "ಮಗಳ, ಆ ಹುಡುಗ್ಯಾರನ ಒಮ್ಮಿ ಹೋಗಿ ಮಾತಾಡಿಸಿ ಬಾ. ಹೆಣ್ಣಮಕ್ಕಳ ತ್ರಾಸ ಹೆಣ್ಣಮಕ್ಕಳಿಗೇ ತಿಳೀತೈತಿ" ಎಂದರು. ನಾನು ಶೇಂಗಾ ಉಂಡಿ ಕಟ್ಟಿಕೊಂಡು ಹೋದೆ. ಎಲ್ಲರೂ ಚಾಪೆಯ ಮೇಲೆ ನನ್ನ ಸುತ್ತ ಕೂತರು. ಸಿದ್ದಿಯರ ಹುಡುಗಿ ಡಬ್ಬಿ ತೆರೆದು ಮೂಸಿ ನೋಡಿದಳು.

"ಅಕ್ಕಾರ, ಕಮಿಟಿಯವ್ರು ಬರ್ತಾರಂತ ನಾವು ಬೆಳಿಗ್ಗಿಂದ ನೆಲಾ ಸಾರಿಸೇವಿ. ಇಷ್ಟ ಸಣ್ಣ ಕಮಿಟಿ ಅಂತ ಗೊತ್ತಿದ್ರ ಅರ್ಧಾ ಮನಿ ಅಷ್ಟ ಸಾರಸ್ತಿದ್ವಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟು ಜನರ ನಡುವೆ ನಾನು ಬಾಯಿ ಬಿಟ್ಟು ನಕ್ಕದ್ದು ಮದುವೆಯಾದ ಮೇಲೆ ಅದೇ ಮೊದಲಿರಬೇಕು.

"ಏನಾರ ಬೇಕಾಗಿತ್ತೇನ್ರವಾ?" ಎಂದು ಕೇಳಿದೆ.

"ಬಚ್ಚಲಮನಿಗೆ ಒಂದು ಚಿಲಕಾ ಹಾಕಸ್ರಿ ಅಕ್ಕಾರ. ಒಬ್ಬಾಕಿ ಜಳಕಾ ಮಾಡೂಮಟ ಇನ್ನೊಬ್ಬಾಕಿ ಬಾಗಲಾ ಹಿಡಕೊಂಡ ನಿಂದರಬೇಕು. ಪರೀಕ್ಷಾದಾಗ ಭಾಳ ತ್ರಾಸ. ನಾನಂತೂ ಬಾಗಲಾ ಹಿಡಕೊಂಡ ಇತಿಹಾಸ ಪೂರಾ ಬಾಯಿಪಾಠ ಮಾಡೇನಿ" ಎಂದಳು ಅವಳು. ಆಮೇಲೆ ನಗು ಬಿಟ್ಟು, "ನೀವು ಅಲ್ಲೆ ಮಾತಾಡ್ತೀರೇನು, ಖರೇನ?" ಎಂದು ಕೇಳಿದಳು.

"ಮಾತಾಡ್ತೇನಿ" ಎಂದೆ.

ಮುಂದಿನ ಸಭೆಗೆ ಒಂದೇ ವಾಕ್ಯ ಕಟ್ಟಿಕೊಂಡು ಹೋದೆ. ಒಲೆಯ ಮುಂದೆ, ಬಾವಿಯ ಕಟ್ಟೆಯ ಮೇಲೆ, ದಾರಿಯಲ್ಲಿ ಅದನ್ನೇ ಹೇಳಿಕೊಂಡಿದ್ದೆ. ಅಂದಿನ ಸಭೆಯಲ್ಲಿ ಅವರೆಲ್ಲ ವಿಶ್ವವಿದ್ಯಾಲಯದ ಪರಿಶೀಲನಾ ತಂಡದ ವಿಷಯ ಮಾತಾಡುತ್ತಿದ್ದರು. ಪುಸ್ತಕಗಳಿಗೆ ಪ್ರತ್ಯೇಕ ವಾಚನಾಲಯ ಇಲ್ಲದಿದ್ದರೆ ಕಾಲೇಜಿಗೆ ಕಾಯಂ ಮಾನ್ಯತೆ ಸಿಗುವುದಿಲ್ಲವಂತೆ. ಎಲ್ಲಿ ಮಾಡುವುದು ಎಂದು ಯಾರೋ ಕೇಳಿದರು. "ಅದಕ್ಕ ನಾ ಒಂದು ದಾರಿ ಹುಡಕೇನಿ, ಬಿಡ್ರಿ" ಎಂದರು ಮಾಸ್ತರು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ವಾಕ್ಯ ಎಲ್ಲಿ ಮರೆತುಹೋಗುವುದೋ ಎಂದು ಅದನ್ನೇ ಗಟ್ಟಿ ಹಿಡಿದು ಕೂತಿದ್ದೆ. ಹೇಳಲು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಬೇರೆಯವರು ಮಾತಾಡಿದರು.

ಎಲ್ಲರೂ ಏಳುವಾಗ ಮಾಸ್ತರ ಹತ್ತಿರ ಹೋಗಿ, "ಬಚ್ಚಲಮನಿಗೆ ಚಿಲಕಾ ಬೇಕಂತ್ರಿ, ಹುಡುಗ್ಯಾರಿಗೆ" ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

ಅವರಿಗೆ ಕೇಳಿಸಿತು. "ಛಲೋ ಹೇಳಿದಿ ಮಗಳ. ಬರೀತೇನಿ. ಸಹಿ ಮಾಡು."

ಹಾಳೆಯ ತಳದ ಮೂಲೆಯಲ್ಲಿ ಸಹಿ ಮಾಡಿದೆ. ಮೇಲಿನ ಖಾಲಿ ಜಾಗ ನೋಡಿ, ಇಷ್ಟರಲ್ಲಿ ನನ್ನ ಚಿಲಕಕ್ಕೆ ಒಂದು ಸಾಲು ಸಾಕಲ್ಲ ಎಂದುಕೊಂಡೆ. ಮನೆಗೆ ಬರುವಾಗ ನೆಲದ ಮೇಲೆ ಕಾಲಿರಲಿಲ್ಲ. ತಿಂಗಳ ಮೇಲೆ ಇನ್ನೊಂದು ಸಭೆಯಾಯಿತು. "ಓದಿದ್ದಾತು ಅಂತ ತಿಳಕೊಳ್ಳೂಣಲ್ಲ?" ಎಂದರು. ಆಗಲೂ ಸಹಿ ಮಾಡಿ ಬಂದೆ.

ಅದಾದ ವಾರಕ್ಕೆ ಸಿದ್ದಿಯರ ಹುಡುಗಿ ನಮ್ಮ ಮನೆಗೆ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ.

"ಚಿಲಕಾ ಬಂತ್ರಿ ಅಕ್ಕಾರ" ಎಂದಳು.

ನಾನು ಖುಷಿಯಿಂದ, "ಹಾಕಿದ್ರೇನು?" ಎಂದೆ.

"ಹಾಕ್ತಾರಂತ. ಹೊರಗಿನಿಂದ. ಪರೀಕ್ಷಾ ಮುಗದ ಮ್ಯಾಲೆ ನಾವು ಮನಿ ಖಾಲಿ ಮಾಡಬೇಕಂತ."

ಕಾಲೇಜಿನ ಫಲಕಕ್ಕೆ ಹಚ್ಚಿದ್ದ ಠರಾವನ್ನು ಅವಳು ತನ್ನ ವಹಿಯಲ್ಲಿ ಬರೆದುಕೊಂಡು ಬಂದಿದ್ದಳು. ಹೊಸಿಲಾಚೆ ನಿಂತೇ ಓದಿದಳು. "ಮಹಿಳಾ ಸದಸ್ಯರು ಖುದ್ದಾಗಿ ವಸತಿಗೃಹಕ್ಕೆ ಭೇಟಿ ನೀಡಿ, ವಿದ್ಯಾರ್ಥಿನಿಯರ ಅಭಿಪ್ರಾಯ ಪಡೆದು, ಸದರಿ ವಸತಿಗೃಹವನ್ನು ಮುಚ್ಚಿ ಕಟ್ಟಡವನ್ನು ವಾಚನಾಲಯಕ್ಕೆ ಬಿಟ್ಟುಕೊಡಬೇಕೆಂದು ಸೂಚಿಸಿದರು. ಸರ್ವಾನುಮತದಿಂದ ಠರಾಯಿಸಲಾಯಿತು."

"ನಾ ಹಂಗ ಅಂದಿಲ್ಲವಾ. ನಾ ಚಿಲಕದ ಮಾತಷ್ಟ..."

"ಉಂಡಿ ತಿನಿಸಿ ಕೇಳಿದ್ರಲ್ಲ, ಏನಾರ ಬೇಕೇನು ಅಂತ. ನಾವು ಅದನ್ನ ಭೇಟಿ ಅಂತ ತಿಳಿಲಿಲ್ಲ ನೋಡ್ರಿ. ಠರಾವಿನ ಪುಸ್ತಕದಾಗ ನಿಮ್ಮ ಸಹಿನೂ ನೋಡಿ ಬಂದೆ. ಭಾಳ ಚಂದ ಐತಿ."

"ನಮ್ಮ ಮನ್ಯಾಗ ಇರು. ಇನ್ನೊಂದ ವರ್ಷದ ಮಾತು. ನಮ್ಮ ಮನಿಯವ್ರಿಗೆ ನಾ ಹೇಳ್ತೇನಿ" ಎಂದೆ. ಅದು ಬರೀ ಬಾಯಿಮಾತಾಗಿರಲಿಲ್ಲ. ನಿಜಕ್ಕೂ ಇಟ್ಟುಕೊಳ್ಳುತ್ತಿದ್ದೆ.

ಅವಳು ವಹಿ ಮುಚ್ಚಿದಳು. "ಬ್ಯಾಡ್ರಿ ಅಕ್ಕಾರ. ನಿಮ್ಮ ಮನ್ಯಾಗಿದ್ರ, ನಾಳೆ ನನ್ನ ಹೆಸರಲೆ ಮತ್ತೇನಕ್ಕ ಸಹಿ ಮಾಡ್ತೀರೋ ಏನೋ."

ಅಂದು ಸಂಜೆ ನಾನೊಬ್ಬಳೇ ಮಾಸ್ತರ ಮನೆಗೆ ಹೋದೆ. ಅವರು ಅಂಗಳದಲ್ಲಿ ತುಳಸಿಗೆ ನೀರು ಹಾಕುತ್ತಿದ್ದರು. ನಾನು ಏನೂ ಹೇಳುವ ಮೊದಲೇ, "ಬಾ ಮಗಳ, ಬರ್ತೀಯಂತ ಗೊತ್ತಿತ್ತು" ಎಂದರು.

"ನಾ ಹೇಳದ ಮಾತು ಯಾಕ ಬರದ್ರಿ?"

"ಆರು ಹುಡುಗ್ಯಾರು ಒಂದು ಕಡೆ, ಇಡೀ ಕಾಲೇಜು ಒಂದು ಕಡೆ. ಮಾನ್ಯತಾ ಹೋದ್ರ ಅವರ ಡಿಗ್ರೀನೂ ಹೋಗ್ತಿತ್ತು. ಹೆಣ್ಣಮಕ್ಕಳ ವಿಷಯದಾಗ ಮಹಿಳಾ ಸದಸ್ಯರ ಸಹಿ ಇಲ್ಲದ ಠರಾವು ನಡಿಯೂದಿಲ್ಲ ಅಂತ ಕಾಯ್ದೆ ಐತಿ. ನಾ ಏನ ಮಾಡಲಿ?"

"ನನ್ನ ಕೇಳಬಹುದಿತ್ತಲ್ರಿ."

ಅವರು ತಂಬಿಗೆ ಕೆಳಗಿಟ್ಟರು. "ಕೇಳಿದ್ರ ನೀ ಹ್ಞೂಂ ಅಂತಿದ್ದೇನು?"

"ಇಲ್ಲ."

"ಮತ್ತ!" ಎಂದರು. ಇಷ್ಟು ಸಣ್ಣ ಲೆಕ್ಕ ತಿಳಿಯಲಿಲ್ಲವೇ ಎಂದು ಶಾಲೆಯಲ್ಲಿ ಕೇಳುತ್ತಿದ್ದ ಅದೇ ಧ್ವನಿಯಲ್ಲಿ.

ಆ ನಿಯಮವನ್ನು ನಾನು ಆಮೇಲೆ ಓದಿದೆ. ಪ್ರಾಚಾರ್ಯರ ಕೋಣೆಯ ಕಪಾಟಿನಲ್ಲಿ ನೀಲಿ ಹೊದಿಕೆಯ ಸಣ್ಣ ಪುಸ್ತಕವಿತ್ತು. ಹುಡುಗಿಯರಿಗೆ ಅನ್ಯಾಯ ಆಗಬಾರದು ಎಂದು ಯಾರೋ ಯೋಚಿಸಿಯೇ ಅದನ್ನು ಬರೆದಿದ್ದರು. ಆ ಜಾಗಕ್ಕೆ ಮಾತಾಡುವ ಹೆಂಗಸು ಬಂದಿದ್ದರೆ ಅದು ಕೆಲಸ ಮಾಡುತ್ತಿತ್ತು. ಮಾಸ್ತರು ಇಡೀ ಹಳಿಯಾಳದಲ್ಲಿ ನನ್ನನ್ನೇ ಏಕೆ ಹುಡುಕಿಕೊಂಡು ಬಂದರು ಎಂಬುದು ಆ ಪುಸ್ತಕ ಹಿಡಿದು ನಿಂತಾಗ ತಿಳಿಯಿತು. ನನ್ನ ಅಕ್ಷರ ನೋಡಿ ಬಂದದ್ದಲ್ಲ.

ನಾನು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದೆ. ಮೂರು ಸಲ ಹರಿದು ನಾಲ್ಕನೆಯ ಸಲ ಬರೆದೆ. ನಿಮ್ಮ ಅಜ್ಜ ಓದಿ, "ಮಾಸ್ತರ ಮ್ಯಾಲೆ ಬರೀತಿ? ಊರಾಗ ಮಂದಿ ಏನಂದಾರು?" ಎಂದರು. ನಾನು ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಪತ್ರ ತೆಗೆದುಕೊಂಡು ಹೋಗಿ ರಜಿಸ್ಟರ್ ಮಾಡಿ ಬಂದರು. ಆ ವಿಷಯ ಮತ್ತೆ ಎತ್ತಲಿಲ್ಲ.

ಉತ್ತರ ಬರುವ ಹೊತ್ತಿಗೆ ಮಳೆಗಾಲ ಹಿಡಿದಿತ್ತು. ಠರಾವಿನ ಮೇಲೆ ಸದರಿ ಸದಸ್ಯರ ಸಹಿ ಇದೆ, ಮುಂದಿನ ಸಭೆಯಲ್ಲಿ ಅದನ್ನು ದೃಢೀಕರಿಸಿ ಮತ್ತೆ ಸಹಿ ಮಾಡಿದ್ದಾರೆ, ಆದ್ದರಿಂದ ಮುಂದಿನ ಕ್ರಮದ ಅಗತ್ಯ ಕಾಣುವುದಿಲ್ಲ ಎಂದಿತ್ತು. ಮೂರು ಸಾಲು. ನಾನು ಸುಳ್ಳು ಹೇಳಿದೆ ಎಂದು ಅವರು ಬರೆದಿರಲಿಲ್ಲ, ನಿಜ ಹೇಳಿದೆ ಎಂದೂ ಬರೆದಿರಲಿಲ್ಲ. ನಾನು ಸಮಿತಿಗೆ ಮತ್ತೆ ಹೋಗಲಿಲ್ಲ. ನನ್ನ ಜಾಗಕ್ಕೆ ಇನ್ನೊಬ್ಬಳನ್ನು ತೆಗೆದುಕೊಂಡರು. ಅವಳೂ ಮಾತಾಡುವವಳಲ್ಲ.

ಆರು ಹುಡುಗಿಯರಲ್ಲಿ ಇಬ್ಬರಿಗೆ ದಾಂಡೇಲಿಯಲ್ಲಿ ನೆಂಟರಿದ್ದರು, ಅವರು ಓದು ಮುಗಿಸಿದರು. ಸಿದ್ದಿಯರ ಹುಡುಗಿ ಮೂರನೆಯ ವರ್ಷಕ್ಕೆ ಬರಲಿಲ್ಲ. ಕೆಲವು ವರ್ಷಗಳ ಮೇಲೆ ದಾಂಡೇಲಿ ಬಸ್ಸಿನಲ್ಲಿ ಅವಳನ್ನು ಕಂಡೆ. ಮಡಿಲಲ್ಲಿ ಕೂಸಿತ್ತು. ನನ್ನನ್ನು ನೋಡಿ ಎದ್ದು, "ಕುಂದರ್ರಿ ಅಕ್ಕಾರ" ಎಂದು ಜಾಗ ಬಿಟ್ಟಳು. ಬೇಡ ಎಂದರೂ ಕೇಳಲಿಲ್ಲ. ದಾಂಡೇಲಿ ಬರುವವರೆಗೂ ಕೂಸನ್ನು ಎತ್ತಿಕೊಂಡು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ನಾನು ಅವಳ ಜಾಗದಲ್ಲಿ ಕೂತಿದ್ದೆ. ತಪ್ಪಾಯಿತು ಎಂದು ಹೇಳಬೇಕಾದ ಒಂದು ವಾಕ್ಯ ಆಗಲೂ ಬಾಯಿಗೆ ಬರಲಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ನಾನೂ ಮಾಸ್ತರಂತೆಯೇ ಆಗುತ್ತೇನೆ. ಕಾಲೇಜಿಗೆ ಕಾಯಂ ಮಾನ್ಯತೆ ಸಿಕ್ಕಿತು. ಮುಂದೆ ನಿಮ್ಮ ಅವ್ವ ಅದೇ ಕಾಲೇಜಿನಲ್ಲಿ ಓದಿ ಡಿಗ್ರಿ ಪಡೆದಳು. ಅದೇ ಹೆಂಚಿನ ಮನೆಯ ವಾಚನಾಲಯದಲ್ಲಿ ಕೂತು ಓದುತ್ತಿದ್ದಳು. ಮಾಸ್ತರು ಅವಳನ್ನು ಕಂಡಾಗಲೆಲ್ಲ, "ನಿಮ್ಮವ್ವನ ಕೃಪಾ, ಇದು" ಎನ್ನುತ್ತಿದ್ದರಂತೆ. ಅವಳು ಅದನ್ನು ಹೊಗಳಿಕೆ ಎಂದೇ ಮನೆಗೆ ಬಂದು ಹೇಳುತ್ತಿದ್ದಳು. ಒಂದು ದಿನ ನಾನು ಅವಳಿಗೆ ಊಟ ಒಯ್ದಾಗ ಬಚ್ಚಲಮನೆಯ ಬಾಗಿಲು ನೋಡಿದೆ. ಅಲ್ಲಿ ಹಳೆಯ ಪತ್ರಿಕೆಗಳನ್ನು ಒಟ್ಟಿದ್ದರು. ಹೊಸ ಹಿತ್ತಾಳೆಯ ಚಿಲಕ ಹಾಕಿದ್ದರು.

ನಿಮ್ಮ ಅವ್ವನಿಗೆ ಇದನ್ನು ನಾನು ಈವರೆಗೂ ಹೇಳಿಲ್ಲ. ನೀವು ಓದಿದ ಮೇಲೆ ಅವಳಿಗೂ ಕೊಡಿ.

ನನ್ನ ಪತ್ರದ ನಕಲು ಮತ್ತು ಅದಕ್ಕೆ ಬಂದ ಉತ್ತರ ಎರಡನ್ನೂ ಈ ಹಾಳೆಗಳ ಜೊತೆ ಹೊಲಿದಿದ್ದೇನೆ. ಠರಾವು ಪುಸ್ತಕ ಕಾಲೇಜಿನಲ್ಲಿದೆ. ಅದನ್ನು ಯಾರಾದರೂ ತೆರೆದರೆ ಹುಡುಗಿಯರನ್ನು ಹೊರಗೆ ಹಾಕಿದವಳು ನಾನೇ ಎಂದು ಓದುತ್ತಾರೆ. ಹಾಗಲ್ಲ ಎಂದು ಹೇಳುವ ಕಾಗದ ಇದೊಂದೇ. ಸಿದ್ದಿಯರ ಆ ಹುಡುಗಿಯ ಮಕ್ಕಳು ಮೊಮ್ಮಕ್ಕಳು ಎಂದಾದರೂ ನಿಮ್ಮೆದುರು ಬಂದರೆ ಇದನ್ನು ತೋರಿಸಿ. ಕೊನೆಯ ಸಾಲಿಗೆ ಅಂಟಿಕೊಂಡಂತೆ ಸಹಿ ಮಾಡಿ, ಕೆಳಗೆ ಉಳಿದ ಜಾಗಕ್ಕೆ ಗೀಟು ಎಳೆದಿದ್ದೇನೆ. ಈ ಹಾಳೆಗಳನ್ನು ನೀರು ತಾಗದ ಕಡೆ, ಜೋಪಾನವಾಗಿ ಇಡಿ.