ಕರಿಹಳ್ಳದ ಕೆರೆಯ ಮೈಕ್ ಸಿದ್ದಾಜಮ್ಮ

ಊಟಿಯಿಂದ ಗೂಡಲೂರಿಗೆ ಇಳಿಯುವ ದಾರಿಯ ಕರಿಹಳ್ಳದ ಕೆರೆಯಲ್ಲಿ ಸಿದ್ದಾಜಮ್ಮನ ಮಾತೆಂದರೆ ಮಾತು. ದಡದ ತಗಡಿನ ಗೂಡಿನಲ್ಲಿ ಮೈಕ್ ಹಿಡಿದು ಕೂತು, ಹೊತ್ತು ಮೀರಿದ ದೋಣಿಗಳನ್ನು ಕನ್ನಡ, ತಮಿಳು, ಮಲಯಾಳದಲ್ಲಿ ಕರೆಯುವುದು ಅವಳ ಕೆಲಸ. ಮನೆಯಲ್ಲಿ ಗಂಡ ರಾಚಯ್ಯ ಅವಳ ಮಾತಿಗೆ ಕಿವಿಗೊಟ್ಟವನೇ ಅಲ್ಲ. ಇಲ್ಲಿ ಮಾತ್ರ ಎಂಥ ದೊಡ್ಡ ಮನುಷ್ಯರೂ ಬಾಲ ಮುದುರಿಕೊಂಡು ದಡಕ್ಕೆ ಬರುತ್ತಿದ್ದರು. ಈ ಸುಖವನ್ನು ಬಿಟ್ಟುಕೊಡಲು ಅವಳಿಗೆ ಸುತರಾಂ ಇಷ್ಟವಿರಲಿಲ್ಲ.

ಆದರೆ ಸರ್ಕಾರ ಕೆರೆಯನ್ನು ಒಂದು ಇಲಾಖೆಯಿಂದ ಇನ್ನೊಂದಕ್ಕೆ ವಹಿಸಿತು. ದೋಣಿ, ಬೇಲಿ, ಬೆಂಚು, ಮೈಕ್ ಎಲ್ಲವೂ ಕೈ ಬದಲಾಯಿಸಿದವು. ಮೈಕಿನ ಹಿಂದಿದ್ದ ಹೆಂಗಸನ್ನು ಇವರು ಕೊಡಲಿಲ್ಲ, ಅವರು ಕೇಳಲಿಲ್ಲ.

"ನೀವು ಬೇಡಮ್ಮಾ, ನಿಮ್ಮ ದನಿ ಸಾಕು. ರೆಕಾರ್ಡ್ ಮಾಡಿ ಹಾಕ್ಕೋತೀವಿ," ಎಂದರು ಹೊಸ ಇಲಾಖೆಯ ಅಧಿಕಾರಿ ಬಾಲಸುಬ್ರಮಣಿಯನ್.

"ದೋಣಿ ಕಾಣ್ದೆ ನಂಗೆ ಬಾಯೇ ಬರಕಿಲ್ಲ ಸಾ," ಎಂದಳು ಸಿದ್ದಾಜಮ್ಮ. ಸರಿ, ಕೊನೆಯ ದಿನ ಅವಳು ಕೆಲಸ ಮಾಡುತ್ತಿದ್ದಾಗಲೇ ರೆಕಾರ್ಡ್ ಮಾಡಿಕೊಂಡರು.

ಮಾರನೆಯ ದಿನ ಅವಳು ಗೇಟಿನ ಹೊರಗೆ, ಜೋಳ ಸುಡುವ ರಂಗಿಯ ಪಕ್ಕ ಮುಖ ಊದಿಸಿಕೊಂಡು ಕೂತಿದ್ದಳು. ಒಳಗೆ ನಿನ್ನೆಯ ರೆಕಾರ್ಡು ಸುತ್ತಿ ಸುತ್ತಿ ಅವಳದೇ ದನಿಯಲ್ಲಿ ಗುಡುಗುತ್ತಿತ್ತು: "ಹನ್ನೊಂದನೇ ದೋಣಿ, ಟೈಮಾಯ್ತು, ಬನ್ರಪ್ಪಾ!" ಆ ದೋಣಿಗೆ ಆಗತಾನೇ ಹತ್ತಿದ್ದ ಹೊಸ ಜೋಡಿ, ಪಾಪ, ಹಾಗೇ ಇಳಿಯಿತು. ಅವರ ಹಿಂದೆ ಹತ್ತಿದವರದೂ ಅದೇ ಗತಿ. "ಕೆಂಪು ಶಾಲಿನಮ್ಮಾ, ನಿಂತ್ಕಬ್ಯಾಡಿ, ಕೂತ್ಕಳಿ!" ಎಂದಾಗಲೆಲ್ಲ ಟಿಕೆಟ್ ಸಾಲಿನಲ್ಲಿದ್ದ ಕೆಂಪು ಶಾಲಿನವರು ನೆಲದ ಮೇಲೇ ಕುಕ್ಕರಿಸುತ್ತಿದ್ದರು.

"ಒಳಗೂ ನೀನೇ, ಹೊರಗೂ ನೀನೇ. ದೇವ್ರಾಗ್ಬುಟ್ಟೆ ಕಣಕ್ಕಾ," ಎಂದು ರಂಗಿ ನಕ್ಕಳು.

"ದೇವ್ರಿಗಾದ್ರೂ ಕಣ್ಣದೆ ಕಣೆ," ಎಂದ ಸಿದ್ದಾಜಮ್ಮನಿಗೆ ನಗು ಬರಲಿಲ್ಲ. ತನ್ನ ದನಿ ತನ್ನನ್ನು ಬಿಟ್ಟು ಹೀಗೆ ಕಂಡಕಂಡವರನ್ನು ಗದರುತ್ತಿದೆಯಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಮಧ್ಯಾಹ್ನ ಬಾಲಸುಬ್ರಮಣಿಯನ್ ತಮ್ಮ ಮೇಲಧಿಕಾರಿಗೆ ಕೆರೆ ತೋರಿಸಲು ಹೊರಟರು. ಹತ್ತಿಸಿದ್ದು ಹನ್ನೊಂದನೇ ದೋಣಿಗೆ. ಖಾಲಿ ಇದ್ದದ್ದು ಅದೊಂದೇ. ದಡ ಬಿಡುತ್ತಲೇ ಕರೆ ಬಂತು. ಸಿದ್ದಾಜಮ್ಮನಿಗೆ ಎದುರಾಡಿ ಗೊತ್ತಿಲ್ಲದ ದೋಣಿ ನಡೆಸುವ ಮಾದನ್ ಕೂಡಲೇ ತಿರುಗಿಸಿಬಿಟ್ಟ. ಮೇಲಧಿಕಾರಿ ಮತ್ತೆ ಹೊರಟರು, ಮತ್ತೆ ಮರಳಿದರು. ಮುಖ ಕೆಂಡವಾಗಿತ್ತು.

ಬಾಲಸುಬ್ರಮಣಿಯನ್ ಗೇಟಿಗೆ ತಾವೇ ಓಡಿ ಬಂದರು. "ಅಮ್ಮಾ, ದಯವಿಟ್ಟು ಒಳಗೆ ಬನ್ನಿ. ನಾಳೆಗೂ ಬನ್ನಿ. ದಿನಾ ಬನ್ನಿ."

ಸಿದ್ದಾಜಮ್ಮ ಸೆರಗು ಕೊಡವಿ ಎದ್ದಳು. ಗೂಡಿಗೆ ಹೋಗಿ ಯಂತ್ರದ ಬಾಯಿ ಮುಚ್ಚಿಸಿ ಮೈಕ್ ಹಿಡಿದಳು. ಗದರಲೆಂದು ಬಾಯಿ ತೆರೆದರೆ ನಗು ಬಂತು, ಅಷ್ಟು ಸಂತೋಷವಾಗಿತ್ತು. ಈಗ ಯಾರ ಸರದಿಯೋ ಎಂದು ದೋಣಿಗಳೆಲ್ಲ ಕಾದು ನಿಂತಿದ್ದವು.

"ಇವತ್ತು ಯಾರೂ ಬರ್ಬ್ಯಾಡಿ," ಎಂದಳು. "ಎಲ್ರೂ ಇನ್ನೊಂದ್ ಸುತ್ತು ಹೊಡ್ಕಳಿ!"