ಸೋದರಮಾವನ ಜೂಮ್ ಲೆನ್ಸ್

ನಮ್ಮ ಕಸುಬಿನವರಿಗೆ ಮದುವೆ ಮನೆಯಲ್ಲಿ ಊಟಕ್ಕಿಂತ ಮೊದಲು ಬೈಗುಳ ಸಿಗುತ್ತದೆ. ಇಪ್ಪತ್ತೆರಡು ವರ್ಷದಿಂದ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ, ಬೈಸಿಕೊಳ್ಳುವುದು ರೂಢಿಯಾಗಿದೆ. ಆದರೆ ಹೋದ ವರ್ಷ ಅಮ್ಮಿನಬಾವಿಯ ಮದುವೆಯೊಂದರಲ್ಲಿ ಒಬ್ಬ ಹಿರಿಯರು ಅಕ್ಕಿಕಾಳು ಮುಷ್ಟಿಯಲ್ಲಿ ಹಿಡಿದುಕೊಂಡೇ, "ತಮ್ಮಾ, ನಾವು ಮದಿವಿ ನೋಡಾಕ ಬಂದೇವಿ, ನಿನ್ನ ಬೆನ್ನು ನೋಡಾಕಲ್ಲ" ಅಂದರು. ಚಪ್ಪರವೆಲ್ಲ ನಕ್ಕಿತು. ನಾನೂ ಹಲ್ಲು ಕಿರಿದೆ, ಒಳಗೆ ಮಾತ್ರ ಕುದಿಯುತ್ತಿದ್ದೆ. ಇನ್ನು ಯಾರ ಕಣ್ಣಿಗೂ ಅಡ್ಡ ಬರುವುದಿಲ್ಲ, ದೂರದಿಂದಲೇ ಎಳೆದುಕೊಳ್ಳುವ ಜೂಮ್ ಲೆನ್ಸ್ ಕೊಳ್ಳುತ್ತೇನೆ ಎಂದು ಅವತ್ತೇ ಹಟ ಹಿಡಿದೆ.

ಕ್ಯಾಮೆರಾ ಅಂಗಡಿಯ ವಿನೋದ ಎರಡು ಲೆನ್ಸ್ ತೆಗೆದಿಟ್ಟ. ಒಂದು ಗಿಡ್ಡದು, ಇಪ್ಪತ್ತನಾಲ್ಕು-ಎಪ್ಪತ್ತು ಎಂ.ಎಂ. ಇನ್ನೊಂದು ಗೇಣುದ್ದದ್ದು, ಎಪ್ಪತ್ತು-ಇನ್ನೂರು. ಮದುವೆಗೆ ಗಿಡ್ಡದೇ ವಾಸಿ, ಹತ್ತಿರ ಹೋಗಿ ನಿಂತರೆ ಎಲ್ಲವೂ ಹಿಡಿಯುತ್ತದೆ, ಉದ್ದದ್ದನ್ನು ನೆಚ್ಚಿಕೊಂಡರೆ ನಡುವೆ ನಾಲ್ಕು ಮಂದಿ ಎದ್ದು ನಿಂತರೂ ಕೆಲಸ ಕೆಟ್ಟಿತು ಎಂದು ಅವನು ಬಿಡಿಸಿ ಹೇಳಿದ. ಕೇಳುವ ಕಿವಿ ನನಗೆಲ್ಲಿತ್ತು? ಉದ್ದದ್ದನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ ಬಾಗಿಲಾಚೆ ನೋಡಿದೆ. ರಸ್ತೆಯ ಆ ಬದಿಯಲ್ಲಿ ಸೊಪ್ಪು ಕೊಳ್ಳುತ್ತಿದ್ದ ಹೆಂಗಸಿನ ಮೂಗುತಿಯ ಹರಳು ಕಣ್ಣೆದುರಿಗೇ ಬಂತು. ಸಾಕು, ಅದನ್ನೇ ತಂದೆ.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ನನ್ನದೂ ಅದೇ ಕತೆ. ನನ್ನ ಜೊತೆ ಒಂಬತ್ತು ವರ್ಷದಿಂದ ದುಡಿಯುವ ಪ್ರತಾಪನಿಗೂ ಆ ಲೆನ್ಸ್ ಮುಟ್ಟಲು ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಅಕ್ಕ ರಾಜೇಶ್ವರಿಯ ಮಗಳು ರಜನಿಯ ಮದುವೆ ಧಾರವಾಡದಲ್ಲಿ ನಿಶ್ಚಯವಾಯಿತು. ನನಗೆ ಅವಳೊಬ್ಬಳೇ ಅಕ್ಕ, ಅವಳಿಗೆ ನಾನೊಬ್ಬನೇ ತಮ್ಮ. ನಮ್ಮ ಮನೆತನದಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಸೋದರಮಾವ ಮದುಮಗಳ ಬೆನ್ನ ಹಿಂದೆ ನಿಲ್ಲಬೇಕು. ಅಪ್ಪ ಅವ್ವ ಹೋದ ಮೇಲೆ ಅಕ್ಕನ ತವರು ಅಂದರೆ ನಾನೇ. ಬೇರೆ ಯಾರನ್ನಾದರೂ ಫೋಟೋಕ್ಕೆ ಕರೆಯೋಣ ಎಂದು ಅವಳು ಮೊದಲೇ ಹೇಳಿದ್ದಳು.

"ಫೋಟೋ ಯಾರರ ತಗೀತಾರೋ ಯೋಗಿ. ಮಾವ ಅಂದ್ರ ನೀ ಒಬ್ಬನ."

ಆ ಹೊತ್ತಿಗೆ ಪ್ರತಾಪನ ಕೈಗೆ ಕ್ಯಾಮೆರಾ ಕೊಟ್ಟು ಬಂದು ನಿಲ್ಲುತ್ತೇನೆ ಎಂದು ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಮದುವೆ ದಿನ ಕಲ್ಯಾಣಮಂಟಪದ ಹಿಂದಿನ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಅದರ ಮೇಲೆ ನಿಂತಿದ್ದೆ. ಅಯ್ಯನವರು ಮಂತ್ರ ಶುರು ಮಾಡಿದರು. ಪ್ರತಾಪ ಬಂದು ಕೈ ಚಾಚಿದ, ಹೋಗಿರೆಂದ. ಇವನ ಕೈ ನಡುಗಿದರೆ ಎಲ್ಲಾ ಕೆಡುತ್ತದೆ ಅಂದುಕೊಂಡು, ಇದೊಂದು ತೆಗೆದು ಇಳಿಯುತ್ತೇನೆ ಅಂದೆ. ಒಂದು ಎರಡಾಯಿತು, ಎರಡು ಹತ್ತಾಯಿತು.

ಆಗ ಲೆನ್ಸಿನ ತುಂಬ ಅಕ್ಕನ ಮುಖ ಬಂತು. ರಜನಿಯ ಬೆನ್ನ ಹಿಂದಿನ ಜಾಗ ಖಾಲಿ. ಅಕ್ಕ ಸಭೆಯನ್ನೆಲ್ಲ ಹುಡುಕಿ ಕಡೆಗೆ ನನ್ನನ್ನು ಕಂಡಳು. ಕಣ್ಣಲ್ಲಿ ನೀರು ನಿಂತಿತ್ತು. ಕೈ ಬೀಸಿದಳು. 'ಯೋಗಿ' ಎಂದ ತುಟಿ ನನಗೆ ಸ್ಪಷ್ಟವಾಗಿ ಕಂಡಿತು. ಮನುಷ್ಯನಾದವನು ಏನು ಮಾಡಬೇಕಿತ್ತು? ನಾನು ಬಟನ್ ಒತ್ತಿದೆ. ಒಂದಲ್ಲ, ನಾಲ್ಕು ಸಲ. ಥೂ ನನ್ನ ಜನ್ಮಕ್ಕೆ!

ಆಮೇಲೆ ಕುರ್ಚಿಯಿಂದ ಹಾರಿದೆ. ಅಷ್ಟೊತ್ತಿಗೆ ಮಂದಿಯೆಲ್ಲ ಎದ್ದು ಅಕ್ಕಿಕಾಳು ಎರಚುತ್ತಿದ್ದರು, ನುಗ್ಗಲು ಸಂದಿಯಿಲ್ಲ. ವೇದಿಕೆ ಮುಟ್ಟುವುದರೊಳಗೆ ತಾಳಿ ಕಟ್ಟಿ ಆಗಿತ್ತು. ನನ್ನ ಜಾಗದಲ್ಲಿ ಭಾವನ ಗೆಳೆಯ ಉಳವಪ್ಪ ನಿಂತಿದ್ದ. ನನ್ನನ್ನು ಕಂಡವನೇ ತಾನೇ ತಪ್ಪು ಮಾಡಿದವನ ಹಾಗೆ ಪಕ್ಕಕ್ಕೆ ಸರಿದ. ಇನ್ನು ನಿಂತು ಮಾಡುವುದೇನು ಎಂದು ನಾನು ತಲೆ ತಗ್ಗಿಸಿ ಕೆಳಗಿಳಿದೆ.

ಅಕ್ಕ ನನಗೆ ಒಂದು ಮಾತೂ ಅನ್ನಲಿಲ್ಲ. ಸೋದರಮಾವ ಎಲ್ಲಿ ಎಂದು ಬೀಗರ ಹೆಂಗಸರು ಕೇಳಿದಾಗ ಅವಳೇ ಉತ್ತರ ಕೊಟ್ಟಳು. "ಹಿಂದ ಗದ್ದಲದಾಗ ಸಿಕ್ಕೊಂಡಿದ್ದನ್ರಿ. ಅಷ್ಟು ದೂರದಿಂದ ಅವಂಗ ಏನು ಕಾಣತೈತ್ರಿ?" ಊಟದ ಪಂಕ್ತಿಯಲ್ಲೂ ಅದನ್ನೇ ಹೇಳಿದಳು, ಮಗಳನ್ನು ಕಳಿಸುವಾಗಲೂ ಅದನ್ನೇ ಹೇಳಿದಳು. ಕೇಳಿ ಕೇಳಿ ನಾನೂ ಅದನ್ನೇ ಖರೆ ಎಂದು ನಂಬತೊಡಗಿದೆ.

ಎರಡು ವಾರ ಬಿಟ್ಟು ಆಲ್ಬಮ್ಮಿಗೆ ಫೋಟೋ ಆರಿಸಲು ಲ್ಯಾಪ್‌ಟಾಪ್ ಹಿಡಿದು ಅವಳ ಮನೆಗೆ ಹೋದೆ. ಆ ನಾಲ್ಕರಲ್ಲಿ ಮೂರನ್ನು ಅಳಿಸಿದ್ದೆ. ಉಳಿದೊಂದನ್ನು ಎರಡು ಸಲ ತೆಗೆದು ಹಾಕಿ, ಎರಡು ಸಲವೂ ವಾಪಸ್ ತಂದಿದ್ದೆ. ರೆಪ್ಪೆಯ ಕೂದಲು ಎಣಿಸುವಷ್ಟು ನಿಚ್ಚಳವಾಗಿತ್ತು. ಹೇಳಲು ನಾಚಿಕೆ, ಇಷ್ಟು ವರ್ಷದಲ್ಲಿ ಅದಕ್ಕಿಂತ ಛಲೋ ಫೋಟೋ ನಾನು ತೆಗೆದಿಲ್ಲ. ಅದು ಬಂದಾಗ ಬೇಗ ದಾಟಿಸಿದರಾಯಿತು ಅಂದುಕೊಂಡಿದ್ದೆ. ಆದರೆ ಕೀಲಿ ಒತ್ತುತ್ತಿದ್ದವಳು ಅಕ್ಕ.

ಅವಳ ಬೆರಳು ನಿಂತಿತು. ಪರದೆಯ ತುಂಬ ಅವಳದೇ ಮುಖ, ಕಣ್ಣು ನೇರ ನನ್ನ ಮೇಲೆ, ಕರೆಯುತ್ತಿದ್ದ ಬಾಯಿ ತೆರೆದೇ ಇತ್ತು. ಅವಳು ಬಹಳ ಹೊತ್ತು ನೋಡಿದಳು. ಭೂಮಿ ಬಾಯಿ ತೆರೆದು ನನ್ನನ್ನು ನುಂಗಬಾರದೇ ಅನ್ನಿಸಿತು.

"ನಾ ಕರದದ್ದು ನಿನಗ ಕಂಡಿತ್ತು," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

ಪಡಸಾಲೆಯಲ್ಲಿ ಕೂತಿದ್ದ ಭಾವ, ಯಾವ ಫೋಟೋ ಇಷ್ಟೊತ್ತು ನೋಡುತ್ತಿದ್ದೀರಿ, ತನಗೂ ತೋರಿಸಿ ಎನ್ನುತ್ತ ಎದ್ದು ಬಂದರು.

ಅಕ್ಕ ತಟ್ಟನೆ ಮುಂದಿನ ಫೋಟೋ ಒತ್ತಿದಳು.

"ಏನಿಲ್ರಿ," ಅಂದಳು. "ಅದೊಂದು ಮಬ್ಬು ಬಂದೈತಿ."